ನನ್ನ ದೂರು ಮುಚ್ಚಿಸಿದ ಕೋರ್ಟು

ಈ ನಾಡಿನಲ್ಲಿ ಯಾವ ತಪ್ಪಿಗೂ ಯಾರೂ ಹೊಣೆಯಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದಿ ಗಳಿಸಿದ್ದು ಇದೊಂದನ್ನೇ. ಕೆಲಸ ಇನ್ನೂ ಸಿಕ್ಕಿಲ್ಲ. ಬಸ್ಸು ತಡವಾದರೆ ದೂರು, ಬೀದಿದೀಪ ಕೆಟ್ಟರೆ ದೂರು. ಸಾರಿಗೆ ಉಪ್ಪು ಹೆಚ್ಚಾದ ದಿನ ಅಮ್ಮ ನನ್ನ ಮುಖವನ್ನು ಭಯದಿಂದಲೇ ನೋಡುತ್ತಾಳೆ.

ನನ್ನ ಅಕ್ಕ ವೀಣಾ ಮಹಿಳೆಯರ ಡಬಲ್ಸ್ ಬ್ಯಾಡ್ಮಿಂಟನ್‌ನಲ್ಲಿ ಎರಡು ಸಲ ರಾಜ್ಯ ಚಾಂಪಿಯನ್. ಸರಿಯಾಗಿ ಹೇಳಬೇಕೆಂದರೆ ಅರ್ಧ ಚಾಂಪಿಯನ್; ಇನ್ನರ್ಧ ಕುಣಿಗಲ್ಲಿನ ಸವಿತಾ. ಎಂಟು ವರ್ಷ ದಿನವೂ ಬೆಳಗಿನ ಮೊದಲ ಬಸ್ಸಿಗೇ ನಮ್ಮ ತುಮಕೂರಿಗೆ ಬಂದು ಆಡಿದ ಸವಿತಾ, ಅಕ್ಕ ಹಿಂದೆ ಎಲ್ಲಿ ನಿಂತಿದ್ದಾಳೆಂದು ತಿರುಗಿ ನೋಡದೆಯೇ ಹೇಳಬಲ್ಲಳು. ಗುಬ್ಬಿಯ ನಮ್ಮ ಚಿಕ್ಕಪ್ಪನಿಗೆ ಮಾತ್ರ ಈ ಆಟ ಇಂದಿಗೂ ಹಿಡಿಸಿಲ್ಲ. "ಇಬ್ರು ಸೇರ್ಕಂಡು ಗೆದ್ರೆ ಅದೇನ್ ದೊಡ್ಡಸ್ತಿಕೆ? ಒಬ್ಳೇ ಗೆದ್ದು ತೋರ್ಸು ಕಣೇ!" ಎನ್ನುತ್ತಾರೆ. ಎದುರಿಗೂ ಇಬ್ಬರಿರುತ್ತಾರೆ ಎಂದರೆ, "ಹಂಗಾದ್ರೆ ಅಲ್ಲಿಗಲ್ಲಿಗೆ ಸರಿಹೋಯ್ತು ಬುಡು" ಎಂದು ಎಲೆಗೆ ಸುಣ್ಣ ಸವರುತ್ತಾರೆ.

ರಾಷ್ಟ್ರೀಯ ತಂಡದ ಆಯ್ಕೆಗೆ ಆರು ವಾರ ಉಳಿದಿತ್ತು. ಇಪ್ಪತ್ತೊಂಬತ್ತರ ಅಕ್ಕನಿಗೆ ಇದೇ ಕೊನೆಯ ಅವಕಾಶವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಯಾರೂ ಆಡಿರಲಿಲ್ಲ. ಅವರಿಬ್ಬರೂ ಅಭ್ಯಾಸ ಮಾಡುತ್ತಿದ್ದ, ಕ್ರೀಡಾ ಇಲಾಖೆಯ ಒಳಾಂಗಣ ಕೋರ್ಟಿನಲ್ಲಿ ನೆಲದ ಹಲಗೆಯೊಂದು ಎದ್ದಿತ್ತು. ಅದನ್ನೂ ಒಬ್ಬ ಎದುರಾಳಿಯೆಂದು ಭಾವಿಸಿ ದಾಟಿಕೊಂಡು ಆಡುತ್ತಿದ್ದರು. ದೂರು ಕೊಡುತ್ತೇನೆಂದು ಕಾಗದ ತೆಗೆದೆ.

"ಬೇಡ ಕಣೇ, ನಮ್ಗದು ಅಭ್ಯಾಸ ಆಗೋಗಿದೆ" ಎಂದಳು ಅಕ್ಕ.

ಇಂಥ ಸಹನೆಯೇ ವ್ಯವಸ್ಥೆಯನ್ನು ಕೊಬ್ಬಿಸಿದ್ದೆಂದು ಭಾಷಣ ಮಾಡಿ, ಇಲಾಖೆಗೆ ನಾಲ್ಕು ಪುಟಗಳ ದೂರು ಬರೆದೆ: ಆಟಗಾರರಿಗೆ ಅಪಾಯವಿದೆ, ತಕ್ಷಣ ಕ್ರಮ ಕೈಗೊಳ್ಳಿ.

ಕೈಗೊಂಡರು. ಮೂರನೆಯ ದಿನ ಕೋರ್ಟಿಗೆ ಬೀಗ ಬಿತ್ತು. ಕಚೇರಿಗೆ ಓಡಿದೆ.

"ಅಪಾಯ ಅಂತ ನೀವೇ ಬರ್ದಿದೀರಲ್ಲ ಮೇಡಂ," ಎಂದರು ಗುಮಾಸ್ತರು. "ಈಗ ಯಾರಿಗೂ ಅಪಾಯ ಇಲ್ಲ."

"ಮತ್ತೆ ರಿಪೇರಿ?"

"ಅದನ್ನ ನೀವು ಕೇಳೇ ಇಲ್ವಲ್ಲ."

ನನ್ನ ದೂರಿನ ಪ್ರತಿ ತೆಗೆದು ಓದಿದೆ. ಹೊಣೆಗಾರಿಕೆ ಎಂಬ ಪದ ಹದಿನೇಳು ಕಡೆ ಇತ್ತು. ಹಲಗೆ ಸರಿಪಡಿಸಿ ಎಂಬ ಮಾತು ಒಂದು ಕಡೆಯೂ ಇರಲಿಲ್ಲ.

ಬೀಗ ತೆಗೆದಾರೆಂದು ಸವಿತಾ ಎರಡು ವಾರ ಕಾದಳು. ಆಮೇಲೆ ಬೆಂಗಳೂರಿನಲ್ಲಿ ಬೇರೊಬ್ಬಳ ಜೊತೆ ಆಡತೊಡಗಿದಳು. "ನಂಗೂ ಇದೇ ಕೊನೇ ಸಲ ಕಣೇ ವೀಣಾ" ಎಂದು ಫೋನಿನಲ್ಲಿ ಅತ್ತಳು. "ಹೋಗು, ಬ್ಯಾಕ್‌ಹ್ಯಾಂಡ್ ಒಂದ್ ನೋಡ್ಕೊ" ಎಂದಳು ಅಕ್ಕ. ಆಯ್ಕೆಯ ಅರ್ಜಿಯಲ್ಲಿ ಎರಡು ಹೆಸರು ಬರೆಯಬೇಕಿತ್ತು. ಅಕ್ಕನದು ಮೇಜಿನ ಮೇಲೆ ಒಂದೇ ಹೆಸರು ಹೊತ್ತು ಉಳಿಯಿತು.

ಆಯ್ಕೆ ಮುಗಿದು ತಿಂಗಳಾಯಿತು. ಅಕ್ಕ ತಾನು ಕೆಲಸ ಮಾಡುವ ಹಿರೇಹಳ್ಳಿಯ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಸಂಜೆ ಈಗಲೂ ಆಡುತ್ತಾಳೆ. ಏತಕ್ಕೆಂದು ಕೇಳುವ ಧೈರ್ಯ ನನಗಿಲ್ಲ. ಎದುರಿಗೆ ಕಾರ್ಖಾನೆಯವರು ಯಾರಾದರೂ ಇಬ್ಬರಿರುತ್ತಾರೆ; ಸವಿತಾಳ ಜಾಗದಲ್ಲಿ ನಾನೇ ನಿಲ್ಲುತ್ತೇನೆ. ಶಟಲ್ಲನ್ನು ಗಾಳಿ ಹೊತ್ತೊಯ್ಯುತ್ತದೆ; ಗಾಳಿಯಿಲ್ಲದಾಗ ನಾನು ಬಿಡುತ್ತೇನೆ. ಪಾಯಿಂಟ್ ಕಳೆದವಳ ರ‍್ಯಾಕೆಟ್ಟಿಗೆ ಜೊತೆಗಾತಿ ತನ್ನದನ್ನು ತಾಗಿಸುವುದು ಡಬಲ್ಸಿನ ವಾಡಿಕೆ. ತಪ್ಪು ಇಬ್ಬರದೂ ಎಂದು ಅದರ ಅರ್ಥ. ನಿನ್ನೆ ಇಪ್ಪತ್ತೊಂದು ಪಾಯಿಂಟ್ ಹೋದವು, ಅಷ್ಟೂ ನನ್ನಿಂದ. ಇಪ್ಪತ್ತೊಂದು ಸಲವೂ ಅಕ್ಕ ಬಂದು ತಾಗಿಸಿದಳು.

"ಒಂದ್ಸಲನಾದ್ರೂ ಬಯ್ಯೇ ಅಕ್ಕ!" ಎಂದೆ, ತಡೆಯಲಾರದೆ.

"ಬರ್ದು ಕೊಡು," ಎಂದಳು, ಶಟಲ್ಲಿನ ಮುರಿದ ಗರಿ ನೇವರಿಸುತ್ತ. "ನೋಡಾಣ."

ಬರೆದಿದ್ದೇನೆ. ಕೊನೆಯಲ್ಲಿ ಏನನ್ನು ಕೇಳಿಕೊಳ್ಳಬೇಕೆಂಬುದು ಮಾತ್ರ ಈ ಸಲವೂ ತೋಚುತ್ತಿಲ್ಲ.