ಗೂಳಪ್ಪ ಮಾಸ್ತರರ ಪಿಟೀಲಿನಲ್ಲಿ ಒಂದು ಬಾಗಿಲು

ತನಿಯಪ್ಪ ಆ ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ.

ಪುಣೆಯ ಬಿಬವೇವಾಡಿಯ ಅವನ ಹೋಟೆಲಿನಲ್ಲಿ ಮಗಳು ಭವ್ಯಶ್ರೀ ಸ್ಪೀಕರಿನಲ್ಲಿ ಪಿಟೀಲು ಸಂಗೀತ ಹಚ್ಚಿದ್ದಳು. ಪುಣೆಯಲ್ಲೇ ಬಾಳಿ ತೀರಿಕೊಂಡ ಗೂಳಪ್ಪ ಮಾಸ್ತರರ ಪ್ರಸಿದ್ಧ ರಚನೆ. ನೀಲಿಮಾ ಎಂಬ ಯುವ ಕಲಾವಿದೆ ಅದನ್ನು ಹೊಸದಾಗಿ ನುಡಿಸಿ ರೆಕಾರ್ಡ್ ಮಾಡಿದ್ದಳು. ಬಿಡುಗಡೆ ಅಂದು ಸಂಜೆ, ಕನ್ನಡ ಸಂಘದಲ್ಲಿ. ಬಿಡುಗಡೆಗೆ ಮೊದಲೇ ಸಂಘದವರು ಅದನ್ನು ವಾಟ್ಸಾಪಿನಲ್ಲಿ ಹಂಚಿ ಮುಗಿಸಿದ್ದರು. ಇನ್ನೂರು ಜನರ ಉಪಾಹಾರ ತನಿಯಪ್ಪನ ಪಾಲಿಗೆ ಬಂದಿತ್ತು.

ರಾಗ ಏರುತ್ತ ಹೋಗಿ, ನಡುವೆ ಪಿಟೀಲು ಒಮ್ಮೆ ‘ಕಿರ್ರ್‌ಯಂಯ್’ ಎಂದಿತು. ತನಿಯಪ್ಪ ನಿಂತಲ್ಲೇ ನಿಂತ.

“ಅಯ್ಯೋ ಲೀಲಾಕ್ಷಿ, ಇದು ನಾನು ತೆಗೆದ ಬಾಗಿಲು ಮಾರಾಯ್ತಿ!” ಎಂದು ಹೆಂಡತಿಯನ್ನು ಕರೆದ.

ನಲವತ್ತು ವರ್ಷದ ಹಿಂದೆ ಅವನು ಬೇರೊಂದು ಹೋಟೆಲಿನಲ್ಲಿ ಸಪ್ಲಾಯರ್. ಮಾಸ್ತರರ ರೆಕಾರ್ಡಿಂಗ್ ನಡೆದಿದ್ದಾಗ ಸ್ಟುಡಿಯೋಗೆ ಎರಡೂ ಕೈಯಲ್ಲಿ ಕಾಫಿಯ ಟ್ರೇ ಹಿಡಿದು ಹೋಗಿ, ಕಾಲಿನಿಂದ ಬಾಗಿಲು ನೂಕಿದ್ದ. ಅದು ಈಯುವ ಎಮ್ಮೆಯ ಹಾಗೆ ನರಳಿತು. ಮಾಸ್ತರರು ಕಮಾನು ಎತ್ತಿ ಹಿಡಿದು ಅವನನ್ನೇ ದಿಟ್ಟಿಸಿದರು. ತನಿಯಪ್ಪ ಟ್ರೇ ಅಲ್ಲೇ ಇಟ್ಟು ಓಡಿದ್ದ. ದೊಡ್ಡವರ ಸಂಗೀತ ಕೆಡಿಸಿದ ಪಾಪಿ ತಾನು ಎಂದುಕೊಂಡು, ಆ ರೆಕಾರ್ಡು ಕೇಳುವ ಧೈರ್ಯವೇ ಇಷ್ಟು ವರ್ಷ ಬಂದಿರಲಿಲ್ಲ.

ಮೊದಲ ಮೇಜಿನಲ್ಲಿ ದೋಸೆ ತಿನ್ನುತ್ತಿದ್ದ ಕಂತ್ರಾಟುದಾರ ಕಾಶಪ್ಪ ಕಿವಿ ನಿಮಿರಿಸಿದ. “ಏನಂದ್ರಿ ಅಣ್ಣಾ? ಬಾಗಲಾ?”

ಅರ್ಧ ಗಂಟೆಯಲ್ಲಿ ಸಂಘದ ಕಾರ್ಯದರ್ಶಿ ಮಹೇಶಕುಮಾರ ಬಂದಿಳಿದ.

“ಅದು ಬಾಗಲಾ ಅಲ್ರಿ, ವಿರಹ! ಅದರ ಮ್ಯಾಲೆ ನಾ ಮೂವತ್ತು ಪುಟ ಬರದೀನಿ!”

“ಆ ಬಾಗಿಲಿಗೆ ಎಣ್ಣೆ ಬಿಟ್ಟಿರ್ಲಿಲ್ಲ ಮಾರಾಯ್ರೆ, ನಾನೆಂತ ಮಾಡುದು?”

“ಸಂಜೀಕ ವೇದಿಕಿ ಮ್ಯಾಲೆ ನಿಂತು ಕ್ಷಮಾ ಕೇಳ್ರಿ. ಇಲ್ಲಾಂದ್ರ ನಿಮ್ಮ ಉಪ್ಪಿಟ್ಟೂ ಬ್ಯಾಡ, ಕಾಫಿನೂ ಬ್ಯಾಡ.”

ಕಾಶಪ್ಪ ಸುದ್ದಿ ಹಬ್ಬಿಸುವುದರಲ್ಲಿ ಸಂಬಳವಿಲ್ಲದ ಪೋಸ್ಟ್‌ಮನ್. ಮಧ್ಯಾಹ್ನದೊಳಗೆ ಗಿರಾಕಿಗಳು ಹೋಟೆಲಿನ ಒಂದೊಂದು ಬಾಗಿಲನ್ನೂ ತೆರೆದು ಮುಚ್ಚಿ ಶ್ರುತಿ ಪರೀಕ್ಷಿಸಿದರು. ಅಡುಗೆಮನೆಯ ಬಾಗಿಲು ಕಳಚಿ ಸಾಂಬಾರಿನ ಹಂಡೆಯ ಮೇಲೆ ಬಿತ್ತು. “ಇದು ಷಡ್ಜ,” ಎಂದರು ಒಬ್ಬರು.

ಸಂಜೆ ತನಿಯಪ್ಪ ವೇದಿಕೆಯ ಮೇಲೆ ಕೈಮುಗಿದು ನಿಂತ. “ಬಾಗಿಲು ನೂಕಿದ್ದು ನಾನೇ. ಗೊತ್ತಿಲ್ಲದೆ ಆದದ್ದು. ಕ್ಷಮಿಸಬೇಕು.”

ನೀಲಿಮಾ ಪಿಟೀಲು ಕೆಳಗಿಟ್ಟು ಎದ್ದು ಬಂದಳು. “ಸರ್, ಎರಡು ವರ್ಷದಿಂದ ನಿಮ್ಮನ್ನೇ ಹುಡುಕ್ತಾ ಇದ್ದೀನಿ!”

ಎರಡು ವರ್ಷದ ಹಿಂದೆ ತನ್ನ ಕೈಸೇರಿದ್ದ ಮಾಸ್ತರರ ಹಳೆಯ ದಿನಚರಿಯನ್ನು ತೆರೆದು ಮೈಕಿನಲ್ಲಿ ಓದಿದಳು: “ಆರು ವರ್ಷ ಹುಡುಕಿದರೂ ಸಿಗದ ಸ್ವರ ಮೊನ್ನೆ ಒಂದು ಬಾಗಿಲಿನಿಂದ ಬಂತು. ನೂಕಿದವನನ್ನು ದೇವರೇ ಕಳಿಸಿರಬೇಕು.”

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. “ನಾ ಮೊದಲೇ ಹೇಳಿದ್ನಲ್ರಿ,” ಎನ್ನುತ್ತ ಮಹೇಶಕುಮಾರ ಶಾಲು ಹೊದಿಸಿದ. ನಲವತ್ತು ವರ್ಷದ ಭಾರ ಇಳಿದು ತನಿಯಪ್ಪನ ಕಣ್ಣು ತುಂಬಿತು.

“ಇನ್ನೊಂದು ಸಾಲಿದೆ. ಬೇಡ ಬಿಡಿ,” ಎಂದಳು ನೀಲಿಮಾ.

“ಓದಿ ಮೇಡಂ, ದೊಡ್ಡದಾಗಿ ಓದಿ!”

ಅವಳು ಓದಿದಳು: “ಅವನು ಇಟ್ಟುಹೋದ ಕಾಫಿಯನ್ನು ಮಾತ್ರ ಶತ್ರುವಿಗೂ ಕೊಡಬಾರದು. ಒಂದೇ ಗುಟುಕಿಗೆ ಎರಡು ದಿನ ಮಲಗಿದೆ.”

ಇನ್ನೂರು ತಲೆಗಳು ಒಟ್ಟಿಗೆ ಹಿಂದೆ ತಿರುಗಿ, ಮೂಲೆಯಲ್ಲಿ ಹಬೆಯಾಡುತ್ತಿದ್ದ ಕಾಫಿ ಡ್ರಮ್ಮನ್ನು ನೋಡಿದವು.

ಮಹೇಶಕುಮಾರ ಆಗಲೇ ಎದುರಿನ ಚಹಾ ಅಂಗಡಿಗೆ ಫೋನು ಹಚ್ಚಿ, ಮರಾಠಿಯಲ್ಲಿ ಇನ್ನೂರು ಕಪ್ ಹೇಳುತ್ತಿದ್ದ. “ಬಾಳೂ, ದೋನಶೇ ಚಹಾ ಪಾಠವ. ಲವಕರ್!”