ಬ್ಯಾಟರಿ ಸೈಕಲ್ ಮೇಲೆ ರಾಜೂರಿಗೆ

“ಇನ್ನ ಮ್ಯಾಲೆ ಈ ಮನ್ಯಾಗಿನ ಯಾವ ಮಷೀನಿಗೂ ಹೊರಗಿನವರು ಕೈ ಹಚ್ಚಂಗಿಲ್ಲ! ಎಲ್ಲಾ ರಿಪೇರಿ ಈ ಉಸ್ಮಾನಸಾಬಂದ!”

ಸ್ಕ್ರೂಡ್ರೈವರನ್ನು ಕತ್ತಿಯಂತೆ ಎತ್ತಿಹಿಡಿದು ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ಕಾಶೀಂಬಿ ಬದನೆಕಾಯಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

“ಮಿಕ್ಸರಿಗೆ ಕೈ ಹಚ್ಚಿದ್ರಲ್ಲ, ಹಂಗ?”

“ಅದರ ಮಾತ ಬ್ಯಾರೆ!”

೨೦೦೮ರಲ್ಲಿ ಗಜೇಂದ್ರಗಡದ ನಮ್ಮ ಓಣಿಗೆ ಮೊಟ್ಟಮೊದಲ ಬ್ಯಾಟರಿ ಸೈಕಲ್ ತಂದ ಕೀರ್ತಿ ನನ್ನದು. ಪೆಟ್ರೋಲ್ ಬೇಡ, ಲೈಸೆನ್ಸ್ ಬೇಡ. ಹಿಡಿಕೆ ತಿರುಗಿಸಿದರೆ ಸಾಕು, ಸದ್ದಿಲ್ಲದೆ ಓಡುತ್ತದೆ. ನನ್ನ ಸೀರೆ ಅಂಗಡಿಗೆ ಬಂದ ಗಿರಾಕಿಗಳಿಗೆ ಸೆರಗು ತೋರಿಸುವ ಮೊದಲು ಸೈಕಲ್ ತೋರಿಸುತ್ತಿದ್ದೆ! ಅಂದು ಮಧ್ಯಾಹ್ನ ರಾಜೂರಿನಲ್ಲಿ ಕಾಶೀಂಬಿಯ ತಂಗಿಯ ಮಗಳು ಸಿಮ್ರಾನಳ ಮಂಗನಿ. ಮದುವೆ ನಿಶ್ಚಯದ ಆ ಕಾರ್ಯಕ್ಕೆ ಬ್ಯಾಟರಿ ಸೈಕಲ್ ಮೇಲೇ ಬರುತ್ತೇನೆಂದು ಗಂಡಿನ ಕಡೆಯವರಿಗೂ ಹೇಳಿ ಕಳಿಸಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಬ್ಯಾಟರಿ ಪೆಟ್ಟಿಗೆಯ ವಾಯರನ್ನು ಇಲಿ ಕಡಿದಿದೆ! ಒಳಗಿನ ತಾಮ್ರ ಹಲ್ಲು ಕಿಸಿಯುತ್ತಿದೆ. ಅದು ಇಲಿಯಲ್ಲ, ನನ್ನ ವಾಯರಿನ ವೈರಿ!

“ಬಸ್ಸಿಗೆ ಹೋಗೂಣ್ರಿ” ಎಂದಳು ಕಾಶೀಂಬಿ.

“ಬ್ಯಾಟರಿ ಸೈಕಲ್ ಇದ್ದಾಂವ ಬಸ್ಸಿನ್ಯಾಗ ಹೋದ್ರ ಮಂದಿ ಏನಂದಾರು?”

“ಕರೆಂಟ್ ಹೊಡದ್ರ ಮಂದಿ ಏನೂ ಅನ್ನೂದಿಲ್ರಿ. ಮಣ್ಣಿಗೆ ಬಂದು ಹೋಗ್ತಾರ!”

ಆ ಮಾತಿಗೆ ನನ್ನ ಶೌರ್ಯ ತುಸು ತಣ್ಣಗಾಯಿತು. ಕೀಲಿ ತೆಗೆದೆ. ಚಾರ್ಜರ್ ಕಿತ್ತೆ. ಉಂಗುರ, ಗಡಿಯಾರ ಬಿಚ್ಚಿಟ್ಟೆ. ಸ್ಕ್ರೂಡ್ರೈವರಿನ ಕಬ್ಬಿಣಕ್ಕೆ ಟೇಪು ಸುತ್ತಿ, ರಬ್ಬರಿನ ಕೈಗವಸು ತೊಟ್ಟೆ. ಕೊನೆಗೆ ಹೆಲ್ಮೆಟ್ಟನ್ನೂ ಹಾಕಿಕೊಂಡೆ.

“ತಲಿಗ್ಯಾಕ್ರಿ ಅದು?”

“ಧೈರ್ಯಕ್ಕ!”

ಬ್ಯಾಟರಿಯ ಒಂದು ವಾಯರಿಗೆ ಕೆಂಪು ದಾರ, ಇನ್ನೊಂದಕ್ಕೆ ಕರಿ ದಾರ ಕಟ್ಟಿ ಕಾಶೀಂಬಿ ಗುರುತು ಮಾಡಿಕೊಟ್ಟಳು. “ಎರಡೂ ಒಮ್ಮಿಗೇ ಮುಟ್ಟಬ್ಯಾಡ್ರಿ. ಇಲಿ ಕಡದಿದ್ದಷ್ಟ ರಿಪೇರಿ ಮಾಡ್ರಿ, ಉಳದಿದ್ದಕ್ಕ ಕೈ ಹಚ್ಚಬ್ಯಾಡ್ರಿ!”

ಕಡಿದ ಭಾಗ ಕತ್ತರಿಸಿ ತೆಗೆದೆ. ಅಷ್ಟೇ ದಪ್ಪದ ಹೊಸ ವಾಯರು ಸೇರಿಸಿ, ಒಂದಕ್ಕೊಂದು ತಾಗದಂತೆ ಬೇರೆ ಬೇರೆಯಾಗಿ ಟೇಪು ಬಿಗಿದೆ. ಕಿಡಿಯಿಲ್ಲ, ಹೊಗೆಯಿಲ್ಲ! ಅಲ್ಲಿಗೇ ನಿಲ್ಲಿಸಿದ್ದರೆ ಇಂದು ನಾನು ಇದನ್ನು ಬರೆಯುತ್ತಿರಲಿಲ್ಲ.

ಆದರೆ ಗೆದ್ದ ದಂಡನಾಯಕ ಒಂದೇ ಕೋಟೆಗೆ ತೃಪ್ತನಾಗುತ್ತಾನೆಯೇ? ಮೋಟಾರಿಗೆ ಹೋಗುವ ಎರಡು ವಾಯರುಗಳು ಧೂಳು ಹಿಡಿದಿದ್ದವು. ಬಿಚ್ಚಿದೆ, ಒರೆಸಿದೆ. ನೋಡಿದರೆ ಎರಡೂ ಕರಿ! ಇದು ಅಲ್ಲಿತ್ತೋ? ಅದು ಇಲ್ಲಿತ್ತೋ? ಎಡಗೈಯಲ್ಲಿದ್ದುದನ್ನು ಬಲಗೈಗೆ ತಂದೆ. ಬಲಗೈಯಲ್ಲಿದ್ದುದು ಯಾವುದೆಂದು ಮರೆತೆ. ಹೆಲ್ಮೆಟ್ಟಿನೊಳಗೆ ತಲೆ ಬೆವರಿತು.

“ಮುಗೀತೇನ್ರಿ?” ಒಳಗಿನಿಂದ ದನಿ ಬಂತು.

“ಮುಗದೈತಿ!” ಎಂದವನೇ ಕೈಗೆ ಬಂದಂತೆ ಸೇರಿಸಿಬಿಟ್ಟೆ.

ಕೀಲಿ ತಿರುಗಿಸಿದೆ. ದೀಪ ಹತ್ತಿತು! ಎದುರುಮನೆಯ ಹೂವಪ್ಪನನ್ನು ಕೂಗಿ ಕರೆದೆ. ಇತಿಹಾಸಕ್ಕೆ ಒಬ್ಬ ಸಾಕ್ಷಿ ಬೇಕಲ್ಲ! ಕಾಶೀಂಬಿ ರೇಷ್ಮೆ ಸೀರೆಯುಟ್ಟು, ಮಿಠಾಯಿ ಬುಟ್ಟಿ ಹಿಡಿದು ಹಿಂದೆ ಕುಳಿತಳು. ಸೈಕಲ್ಲಿನ ಮೂತಿ ಓಣಿಯತ್ತ, ಬೆನ್ನು ನಮ್ಮ ಬಾಗಿಲತ್ತ. “ಬಿಸ್ಮಿಲ್ಲಾ!” ಎಂದು ಹಿಡಿಕೆ ತಿರುಗಿಸಿದೆ.

ಸೈಕಲ್ ಹಿಂದಕ್ಕೆ ಹೊರಟಿತು!

“ಯಾಕ್ರಿ, ಏನರ ಮರತ್ರೇನು?” ಎಂದಳು ಕಾಶೀಂಬಿ.

“ಇಲ್ಲ!”

“ಮತ್ತ ಯಾಕ ಮನಿಗೆ ಹೊಳ್ಳಿ ಹೊಂಟೀರಿ?”

“ನಾ ಹೊಂಟಿಲ್ಲ! ಇದು ಹೊಂಟೈತಿ!”

ಕರೆಂಟು ಸಾಲುತ್ತಿಲ್ಲವೇನೋ ಎಂದು ಇನ್ನಷ್ಟು ತಿರುಗಿಸಿದೆ. ಇನ್ನಷ್ಟು ಜೋರಾಗಿ ಹಿಂದೆ ಹೋಯಿತು. ಪೆಡಲುಗಳು ಉಲ್ಟಾ ತಿರುಗಿ ನನ್ನ ಕಾಲಿಗೆ ಬಾರಿಸತೊಡಗಿದವು.

“ಸಾಹೇಬ್ರ, ರಾಜೂರ ಆ ಕಡೆ ಅಲ್ರಿ, ಈ ಕಡೆ!” ಹೂವಪ್ಪ ಕೈ ಮಾಡಿ ತೋರಿಸಿದ. ದಾರಿ ತಪ್ಪಿದೆನೆಂದು ಪಾಪ ಅವನ ತಿಳಿವಳಿಕೆ!

ಬಿಸಿಲಿಗೆ ಹಾಕಲೆಂದು ಬಾಗಿಲಲ್ಲಿ ಒಟ್ಟಿದ್ದ ಕೌದಿಗಳ ರಾಶಿ ನಮ್ಮನ್ನು ಬರಮಾಡಿಕೊಂಡಿತು. ಸೈಕಲ್ ಒಂದು ಕಡೆ, ನಾನು ಒಂದು ಕಡೆ. ಕಾಶೀಂಬಿ ಮಾತ್ರ ಕೌದಿಗಳ ನಡುವೆ ಬುಟ್ಟಿ ಸಮೇತ ನೆಟ್ಟಗೆ ಕುಳಿತಿದ್ದಳು. ನಿಧಾನವಾಗಿ ಎದ್ದು ಸೀರೆ ಕೊಡವಿಕೊಂಡಳು.

“ಬಸ್‌ಸ್ಟ್ಯಾಂಡಿಗೆ ನಡಕೊಂತ ಹೋಗೂಣ್ರಿ. ಮುಂದಕ್ಕ!”

ಮೋಟಾರಿನ ಎರಡು ವಾಯರು ಅದಲುಬದಲಾದರೆ ಚಕ್ರ ಉಲ್ಟಾ ತಿರುಗುತ್ತದೆಂದು ಮರುದಿನ ಸೈಕಲ್ ಅಂಗಡಿಗೆ ಹೋದಾಗ ತಿಳಿಯಿತು. ಅಂದು ಮಾತ್ರ ನನಗೆ ಏನೊಂದೂ ಅರ್ಥವಾಗಿರಲಿಲ್ಲ. ಬಸ್ಸು ಮುಂದಕ್ಕೆ ಓಡುತ್ತಿರುವುದೇ ನನಗೊಂದು ಸೋಜಿಗವಾಗಿತ್ತು!

ರಾಜೂರಿನಲ್ಲಿ ಗಂಡಿನ ಅಜ್ಜ ಬಾಗಿಲಲ್ಲೇ ಕಾಯುತ್ತಿದ್ದರು. ಅವರ ಹಿಂದೆ ಬೀಗರ ದಂಡೇ ನಿಂತಿತ್ತು.

“ಎಲ್ಲೈತ್ರಿ ನಿಮ್ಮ ಬ್ಯಾಟರಿ ಸೈಕಲ್? ಭಾಳ ಜೋರ ಓಡ್ತೈತಂತಲ್ಲ!”

ನಾನು ಮೆಲ್ಲಗೆ ಹಿಂದಕ್ಕೆ ಸರಿದೆ. ಕಾಶೀಂಬಿ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು.

“ಭಾಳ ಜೋರ್ರಿ ಅಜ್ಜಾರ! ನಾವಿನ್ನೂ ಮನಿ ಬಿಟ್ಟಿದ್ದಿಲ್ಲ, ಆಗಲೇ ವಾಪಸ್ ತಂದು ಮುಟ್ಟಿಸಿಬಿಟ್ಟಿತ್ತು!”