ಕಾಲು ಎಲ್ಲೈತ್ರಿ?

ಭಾರ ಎತ್ತುವ ಜಾಗದಲ್ಲಿ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ನಗುವಂಥದ್ದಾದರೆ ನಮ್ಮ ಪುಣ್ಯ. ಅರವತ್ತರ ದಶಕದಲ್ಲಿ ನಾನು ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ತೂಕ ಮಾಡುತ್ತಿದ್ದೆ. ಅಲ್ಲಿ ಎಲ್ಲರ ಕೈಕಾಲು ಕಾಯುತ್ತಿದ್ದವನು ಹಮಾಲರ ಮೇಸ್ತ್ರಿ, ಬನವಾಸಿ ಕಡೆಯವನು. ಅಂಥ ಮನುಷ್ಯನನ್ನು ಮತ್ತೆ ನೋಡಲಿಲ್ಲ.

ಪಂಚೆ

ವಖಾರಿಯ ಸಾಹುಕಾರರು ಹುಬ್ಬಳ್ಳಿಯಿಂದ ಚೀಲ ಎತ್ತುವ ಗಾಡಿ ತರಿಸಿದರು. ಮುಂದೆ ಎರಡು ಕಬ್ಬಿಣದ ಹಲ್ಲು. ಅವನ್ನು ಚೀಲ ಪೇರಿಸಿದ ಹಲಗೆಯ ಅಡಿಗೆ ತೂರಿಸಿ ಹಿಡಿಕೆ ಒತ್ತಿದರೆ ಹಲಗೆಯ ಸಮೇತ ಚೀಲಗಳು ಮೇಲೇಳುತ್ತಿದ್ದವು. ಇಳಿಸುವಾಗ ಯಾರದಾದರೂ ಪಾದ ಅಡಿಗೆ ಸಿಕ್ಕರೆ ಮುಗಿಯಿತು. ಅದಕ್ಕೆ ಮೇಸ್ತ್ರಿ ಪ್ರತಿ ಸಲ "ಕಾಲು ಎಲ್ಲೈತಿ?" ಎಂದು ಕೇಳುತ್ತಿದ್ದ, ಸುತ್ತಲಿದ್ದವರೆಲ್ಲ "ಹೊರಗೈತಿ" ಎಂದ ಮೇಲೇ ಇಳಿಸುತ್ತಿದ್ದ.

ಅಡಿಕೆ ಮಾರಲು ಬಂದ ಸಿದ್ದಾಪುರದ ಹಿರಿಯರೊಬ್ಬರು ಗಾಡಿಗೆ ಅಂಟಿಕೊಂಡೇ ನಿಂತು ಬೆರಗಾಗಿ ನೋಡುತ್ತಿದ್ದರು. ಮೇಸ್ತ್ರಿ ಅವರನ್ನೂ ಬಿಡಲಿಲ್ಲ. "ನಿಮ್ಮ ಕಾಲು ಎಲ್ಲೈತ್ರಿ?"

ಹಿರಿಯರು ಬಗ್ಗಿ ನೋಡಿಕೊಂಡು ತಮ್ಮ ಹವ್ಯಕ ಮಾತಿನಲ್ಲಿ ಹೇಳಿದರು: "ಪಂಚೆಯೊಳಗೇ ಇದ್ದು ಮಾರಾಯ."

ಕೂತವರು

ಇಷ್ಟಿದ್ದೂ ಒಮ್ಮೆ ಯಲ್ಲಾಪುರದ ಹಮಾಲನೊಬ್ಬನ ಕಾಲಿನ ಹೆಬ್ಬೆರಳು ಗಾಡಿಯ ಚಕ್ರಕ್ಕೆ ಸಿಕ್ಕಿ ಮುರಿಯಿತು. ಕೂತರೆ ಕೂಲಿ ಇಲ್ಲ. ಪಾಪ, ಬಟ್ಟೆ ಸುತ್ತಿಕೊಂಡು ಮತ್ತೆ ಚೀಲಕ್ಕೆ ಬೆನ್ನು ಕೊಡಲು ಹೊರಟ. ಮೇಸ್ತ್ರಿ ಅವನ ರಟ್ಟೆ ಹಿಡಿದು ಕೂರಿಸಿ, ತಾನೂ ಪಕ್ಕದಲ್ಲಿ ಕೂತ. ಉಳಿದವರೂ ಕೂತರು. ಹೊರಗೆ ಲಾರಿ ಕಾಯುತ್ತಿತ್ತು.

ಸಾಹುಕಾರರು ಬಂದು, "ಅವನ ಬೆರಳು ಮುರಿದಿದೆ, ಸರಿ. ನಿಮಗೆಲ್ಲ ಎಂತ ಆಯ್ತು?" ಎಂದರು.

"ಅವನ ಬೆರಳು ನೋಡಿ ನಮ್ಮ ಕಾಲೂ ಏಳವಲ್ಲವ್ರಿ," ಎಂದ ಮೇಸ್ತ್ರಿ.

ಸಾಹುಕಾರರಿಗೆ ನಗು ತಡೆಯಲಾಗಲಿಲ್ಲ. ಬೆರಳು ಕೂಡುವವರೆಗೆ ಅವನಿಗೆ ಕೂಲಿ ಕೊಡಲು ಒಪ್ಪಿದರು. ಉಳಿದವರ ಕಾಲು ಅಲ್ಲೇ ವಾಸಿಯಾಯಿತು.

ಸಾಹುಕಾರರು ಲಾರಿ ಹತ್ತಿದ್ದು

ಒಂದು ಮಧ್ಯಾಹ್ನ ಸಾಹುಕಾರರು ಲಾರಿಯ ಹಿಂದೆ ನಿಂತು, ಗಾಡಿ ಹೇಗೆ ತಿರುಗಿಸಬೇಕೆಂದು ನಮಗೆ ಹೇಳಿಕೊಡುತ್ತಿದ್ದರು. ಅವರ ಬೆನ್ನ ಹಿಂದೆ ಒಂದರ ಮೇಲೊಂದು ಪೇರಿಸಿದ ಚೀಲದ ಅಟ್ಟಿ ವಾಲುತ್ತಿತ್ತು. ಮೇಸ್ತ್ರಿ ಕೂಗಲಿಲ್ಲ, ಕೂಗಿದರೆ 'ಎಂತದು' ಎಂದು ಕೇಳುತ್ತ ಅಲ್ಲೇ ನಿಲ್ಲುವ ಸ್ವಭಾವ ಅವರದು. ಓಡಿ ಬಂದವನೇ ಅವರ ಸೊಂಟಕ್ಕೆ ಕೈ ಹಾಕಿ ಎತ್ತಿ ಲಾರಿಯೊಳಗೆ ಒಗೆದ. ಅವರು ನಿಂತಿದ್ದ ಜಾಗದಲ್ಲಿ ಚೀಲಗಳು ದಬದಬ ಬಿದ್ದವು.

ಅಡಿಕೆ ಚೀಲಗಳ ಮೇಲೆ ಎದ್ದು ಕೂತ ಸಾಹುಕಾರರು ಕೆಳಗೆ ನೋಡಿ ಬಿಳಿಚಿಕೊಂಡರು. ಬಗ್ಗಿ ಮೇಸ್ತ್ರಿಯ ಕೈ ಹಿಡಿದುಕೊಂಡರು. ನೀರು ಕುಡಿದ ಮೇಲೆ ಗತ್ತು ಮರಳಿತು.

"ಅಲ್ಲ, ನನ್ನನ್ನೂ ಚೀಲದ ಹಾಗೇ ಎತ್ತಿ ಹಾಕಿದೆಯಲ್ಲ."

ಮೇಸ್ತ್ರಿ ಬೆವರು ಒರೆಸಿಕೊಂಡು ತೀರ ಮರ್ಯಾದೆಯಿಂದ ಹೇಳಿದ: "ಹಂಗೇನಿಲ್ರಿ. ಚೀಲಕ್ಕ ಕೊಕ್ಕೆ ಚುಚ್ಚತೀವ್ರಿ. ನಿಮ್ಮನ್ನ ಬರೇ ಕೈಲೆ ಎತ್ತೇನ್ರಿ."